ಹತ್ತು ದಿನವೋ, ಹದಿನೆಂಟು ಜನವೋ: ಬಾಯ್ಡ್ ನೀಲ್ ವಾದ್ಯವೃಂದದ ಕೀರ್ತಿಗೆ ಸಂಬಂಧಿಸಿದ ಒಂದು ಆಕರದ ಮರುಪರಿಶೀಲನೆ

ಹತ್ತು ದಿನ, ನಾಲ್ಕು ವಾರ, ಒಂದು ಬಾರ್. ಬೆಂಜಮಿನ್ ಬ್ರಿಟ್ಟನ್ ಅವರ ‘ಫ್ರಾಂಕ್ ಬ್ರಿಜ್ ವಸ್ತುವಿನ ಮೇಲಿನ ವೇರಿಯೇಷನ್‌ಗಳು’ ಹುಟ್ಟಿದ ಬಗೆಯನ್ನು ಅದರ ಮೊದಲ ನಿರ್ದೇಶಕ ಬಾಯ್ಡ್ ನೀಲ್ ಈ ಮೂರು ಲೆಕ್ಕಗಳಲ್ಲಿ ಹೇಳಿದ್ದಾರೆ. ಡೊನಾಲ್ಡ್ ಮಿಚೆಲ್ ಮತ್ತು ಹ್ಯಾನ್ಸ್ ಕೆಲ್ಲರ್ 1952ರಲ್ಲಿ ಬ್ರಿಟ್ಟನ್ ಕೃತಿಗಳ ಬಗ್ಗೆ ತಜ್ಞರಿಂದ ಲೇಖನ ಬರೆಸಿ ಸಂಪಾದಿಸಿದ ಸಂಪುಟದಲ್ಲಿ ತಂತಿವಾದ್ಯವೃಂದದ ಅಧ್ಯಾಯ ನೀಲ್ ಅವರದು. ಅಲ್ಲಿ ಅವರು ಹೇಳುವುದರ ತಾತ್ಪರ್ಯ ಇಷ್ಟು: ಹತ್ತು ದಿನ ಕಳೆಯುವುದರೊಳಗೆ ಬ್ರಿಟ್ಟನ್ ಇಡೀ ಕೃತಿಯ ಕರಡನ್ನು ಹಿಡಿದು ನೀಲ್ ಮನೆಗೆ ಬಂದರು, ಮತ್ತೆ ನಾಲ್ಕು ವಾರಗಳಲ್ಲಿ ಅದು ತಂತಿವಾದ್ಯಗಳಿಗೆ ಪೂರ್ತಿ ಹಂಚಿಕೆಯಾಯಿತು, ಆಮೇಲೆ ಸೇರಿದ ಒಂದು ಬಾರ್ ಬಿಟ್ಟರೆ ಅಂದಿನ ಸ್ವರಲಿಪಿಯೇ ಇಂದಿನದು. ಇಂಥ ಅಚ್ಚರಿಯ ರಚನಾಕಾರ್ಯವನ್ನು ತಾನು ಕಂಡದ್ದು ಅಪರೂಪ ಎಂದೂ ನೀಲ್ ಸೇರಿಸುತ್ತಾರೆ.

ಈ ಮೂರರಲ್ಲಿ ಮೊದಲನೆಯದೊಂದೇ ಲೋಕಪ್ರಸಿದ್ಧವಾಯಿತು. ಧ್ವನಿಮುದ್ರಿಕೆಯ ಹೊದಿಕೆಗಳಲ್ಲಿ, ಕಛೇರಿಯ ಕಿರುಹೊತ್ತಗೆಗಳಲ್ಲಿ ‘ಹತ್ತು ದಿನಗಳಲ್ಲಿ ರಚಿತವಾದ ಕೃತಿ’ ಎಂಬ ಮಾತು ಒಬ್ಬರಿಂದ ಒಬ್ಬರಿಗೆ ದಾಟಿ ಬಂದಿದೆ. ಶಾಸನವೊಂದರ ತಪ್ಪು ಓದು ಹೊಸಬರು ಕಲ್ಲಿನ ಹತ್ತಿರ ಹೋಗದೆ ಹಳಬರ ನಕಲನ್ನೇ ನಂಬುವುದರಿಂದ ಹೇಗೆ ಉಳಿದು ಬರುತ್ತದೆಯೋ ಹಾಗೆಯೇ ಇದೂ ಉಳಿದು ಬಂದಿದೆ. ತಪ್ಪು ದಿನಗಳ ಎಣಿಕೆಯಲ್ಲಿ ಮಾತ್ರ ಇದ್ದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಈ ಓದು ವಾದ್ಯವೃಂದವೊಂದಕ್ಕೆ ಸಲ್ಲಬೇಕಾದ ಪಾಲನ್ನು ಎತ್ತಿ ಬೇರೊಬ್ಬರ ಮಡಿಲಿಗೆ ಹಾಕಿದೆ. ನನ್ನ ತಕರಾರು ಅದರ ಮೇಲೆ. ನೀಲ್ ಅವರ ಹೇಳಿಕೆಯನ್ನು ಇದುವರೆಗೆ ಬ್ರಿಟ್ಟನ್ ಪ್ರತಿಭೆಯ ವೇಗಕ್ಕೆ ಸಾಕ್ಷಿಯಾಗಿ ಓದಲಾಗಿದೆ. ಅದನ್ನು ಹದಿನೆಂಟು ಜನರ ಒಂದು ತಂಡದ ಬಗೆಗಿನ ಸಾಕ್ಷ್ಯವಾಗಿ ಓದಬೇಕೆಂಬುದು ನನ್ನ ವಾದ.

ಕನ್ನಡದಲ್ಲಿ ಲಂಡನ್ನಿನ ವಾದ್ಯವೃಂದಗಳ ಮಾತು ಬರುವುದು ಸಾಮಾನ್ಯವಾಗಿ ಮೈಸೂರಿನ ಬಾಗಿಲಿನಿಂದ. ಜಯಚಾಮರಾಜ ಒಡೆಯರ್ ಫಿಲ್‌ಹಾರ್ಮೋನಿಯಾಕ್ಕೆ ಕೊಟ್ಟ ನೆರವು, ಮೆಟ್ನರ್ ಅವರ ಧ್ವನಿಮುದ್ರಣಗಳಿಗೆ ಒದಗಿಸಿದ ಹಣ ನಮ್ಮ ಓದುಗರಿಗೆ ಗೊತ್ತಿರುವ ಸಂಗತಿಗಳು, ಹೆಮ್ಮೆಯ ಸಂಗತಿಗಳೂ ಹೌದು. ಆದರೆ ಅರಸರ ಹೆಸರು ಬಾರದ ಕಡೆಗೂ ನಾವು ನೋಡಬೇಕು. ನೀಲ್ ಅವರ ತಂಡಕ್ಕೆ ಬೆನ್ನಿಗೆ ಅರಮನೆಯಿರಲಿಲ್ಲ. ಅದನ್ನು ಕಟ್ಟಿದವರು ಒಬ್ಬ ವೈದ್ಯರು.

ಮೊದಲು ದಿನಗಳ ಲೆಕ್ಕ. ಕೃತಿಯ ರಚನಾವಧಿ 1937ರ ಜೂನ್ 5ರಿಂದ ಜುಲೈ 12. ಜೂನ್‌ನಲ್ಲಿ 26 ದಿನ, ಜುಲೈನಲ್ಲಿ 12 ದಿನ, ಒಟ್ಟು 38. ಈಗ ನೀಲ್ ಅವರ ಲೆಕ್ಕ ಕೂಡಿಸಿ: ಹತ್ತು ದಿನದ ಜೊತೆಗೆ ನಾಲ್ಕು ವಾರದ 28 ದಿನ. ಅದೂ 38. ಹದಿನೈದು ವರ್ಷಗಳ ಮೇಲೆ ಬರೆದ ಮನುಷ್ಯನ ನೆನಪು ಒಂದು ದಿನವೂ ಆಚೀಚೆಯಾಗದೆ ಕೂಡಿಬರುವುದು ಕಾಕತಾಳೀಯವಿರಬಹುದು. ಅಂಥ ಹೊಂದಾಣಿಕೆಯ ಮೇಲೆ ಮನೆ ಕಟ್ಟುವವನು ನಾನಲ್ಲ. ಆದರೆ ‘ನೀಲ್ ಉತ್ಪ್ರೇಕ್ಷೆ ಮಾಡಿದರು, ಕಲಾವಿದರ ನೆನಪು ಹಾಗೆಯೇ’ ಎಂದು ಅವರ ಮಾತನ್ನು ತಳ್ಳಿಹಾಕುವವರಿಗೂ, ‘ಹತ್ತೇ ದಿನ’ ಎಂದು ಹೊತ್ತು ಮೆರೆಸುವವರಿಗೂ ಈ ಕೂಡುಲೆಕ್ಕ ಉತ್ತರ ಕೊಡುತ್ತದೆ. ಹತ್ತು ದಿನಗಳಲ್ಲಿ ಮುಗಿದದ್ದು ಕರಡು. ಯಾವ ಸ್ವರ ಯಾವ ತಂತಿಗೆ, ಎಷ್ಟು ಜನರಿಗೆ, ಬಿಲ್ಲಿನಿಂದಲೋ ಬೆರಳಿನಿಂದಲೋ ಎಂದು ತೀರ್ಮಾನವಾದದ್ದು ಅನಂತರದ ನಾಲ್ಕು ವಾರಗಳಲ್ಲಿ. ಅವಧಿಯ ಮುಕ್ಕಾಲು ಪಾಲು ಕಾಲ ಬೇಡಿದ್ದು ಹಂಚಿಕೆಯೇ. ಪ್ರಸಿದ್ಧವಾದ ಓದು ಕೈಬಿಟ್ಟಿರುವುದೂ ಈ ಮುಕ್ಕಾಲು ಪಾಲನ್ನೇ.

ಹತ್ತು ದಿನಗಳ ಹಿಂದೆ ಐದು ವರ್ಷಗಳೂ ಇವೆ. ಬ್ರಿಟ್ಟನ್ 1932ರಲ್ಲಿಯೇ ತಮ್ಮ ಗುರು ಬ್ರಿಜ್ ಅವರ ವಸ್ತುವೊಂದನ್ನು ಹಿಡಿದು ವೇರಿಯೇಷನ್‌ಗಳನ್ನು ಬರೆಯತೊಡಗಿ, ಬೇರೆ ಕೆಲಸಗಳ ನಡುವೆ ಅದನ್ನು ಬದಿಗಿಟ್ಟಿದ್ದರು. ಗುರುವಿಗೆ ಸಲ್ಲಿಸಬೇಕಾದ ಕಾಣಿಕೆ ಮನಸ್ಸಿನಲ್ಲಿ ಬಾಕಿ ಉಳಿದಿತ್ತು. 1937ರ ಮೇ ತಿಂಗಳಲ್ಲಿ ಸಾಲ್ಸ್‌ಬರ್ಗ್ ಉತ್ಸವದಿಂದ ನೀಲ್ ತಂಡಕ್ಕೆ ಕರೆ ಬಂತು. ಇಂಗ್ಲಿಷ್ ರಚನಕಾರರೊಬ್ಬರ ಹೊಸ ಕೃತಿಯನ್ನು ನುಡಿಸಬೇಕೆಂಬುದು ಉತ್ಸವದವರ ಷರತ್ತು. ಉಳಿದದ್ದು ಮೂರು ತಿಂಗಳು. ನೀಲ್ ಅವರಿಗೆ ಬ್ರಿಟ್ಟನ್ ನೆನಪಾದದ್ದು ಆಕಸ್ಮಿಕವಲ್ಲ. ‘ಲವ್ ಫ್ರಮ್ ಎ ಸ್ಟ್ರೇಂಜರ್’ ಚಿತ್ರಕ್ಕೆ ಬ್ರಿಟ್ಟನ್ ಬರೆದ ಹಿನ್ನೆಲೆ ಸಂಗೀತವನ್ನು ನಿರ್ದೇಶಿಸಿದವರು ನೀಲ್. ಸಿನಿಮಾದ ಧ್ವನಿಮುದ್ರಣದಲ್ಲಿ ಗಡಿಯಾರ ನೋಡಿಕೊಂಡು ಕೆಲಸ ಮಾಡಿದ ಇಬ್ಬರಿಗೆ ಒಬ್ಬರ ಕೈ ಒಬ್ಬರಿಗೆ ಗೊತ್ತಿತ್ತು.

ಈ ತಪ್ಪು ಓದಿನಿಂದ ಆದ ನಷ್ಟವೇನು? ಇಪ್ಪತ್ತಮೂರರ ಹರೆಯದ ಬ್ರಿಟ್ಟನ್ ಮೇಲೆ ಇಂಗ್ಲಿಷ್ ವಿಮರ್ಶಕರು ಆ ಕಾಲದಲ್ಲಿ ಹೊರಿಸುತ್ತಿದ್ದ ಮುಖ್ಯ ಆರೋಪ ‘ಜಾಣತನ’. ಕೈ ಚುರುಕು, ಎದೆ ಖಾಲಿ ಎಂಬ ಧಾಟಿ ಅದು. ಈ ಕೃತಿಯಲ್ಲಿ ಇಟಾಲಿಯನ್ ಆರಿಯಾದ ಅಣಕವಿದೆ, ವಿಯೆನ್ನಾದ ವಾಲ್ಟ್ಸ್ ಇದೆ, ಹಳೆಯ ಫ್ರೆಂಚ್ ಬೂರೇ ಇದೆ. ಇವುಗಳ ಜೊತೆಗೆ ‘ಹತ್ತು ದಿನ’ವೂ ಸೇರಿದಾಗ ಜಾಣತನದ ಆರೋಪಕ್ಕೆ ಬೇಕಾದ ಪುರಾವೆ ಸಿದ್ಧವಾಗಿ ಸಿಕ್ಕಂತಾಯಿತು. ಹೊಗಳಿದವರೂ ಅದೇ ಪುರಾವೆಯನ್ನೇ ಬಳಸಿದರು: ಇಷ್ಟು ಬೇಗ ಇಷ್ಟು ಚೆನ್ನಾಗಿ ಬರೆದವರುಂಟೆ! ತೆಗಳಿಕೆ, ಹೊಗಳಿಕೆ ಎರಡೂ ಬರೆದವರ ಮೇಜಿನ ಬಳಿಯೇ ನಿಂತುಬಿಟ್ಟವು. ನುಡಿಸಿದವರ ಕಡೆ ಯಾರೂ ತಿರುಗಲಿಲ್ಲ. ಉತ್ಸವಮೂರ್ತಿಗೆ ಆರತಿ ಎತ್ತುವಾಗ ಅಡ್ಡೆ ಹೊತ್ತ ಹೆಗಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಹೆಗಲಿನವರು ಯಾರು? ಬಾಯ್ಡ್ ನೀಲ್ ಹುಟ್ಟಿದ್ದು 1905ರಲ್ಲಿ, ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ. ನೌಕಾಪಡೆಯ ಕಾಲೇಜಿನಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಕೇಂಬ್ರಿಜ್‌ನಲ್ಲಿ ವೈದ್ಯಕೀಯ ಓದಿ ವೈದ್ಯರಾದವರು. ಯುವ ವಾದಕರನ್ನು ಆರಿಸಿ ತಂತಿವಾದ್ಯಗಳ ಸಣ್ಣ ತಂಡವೊಂದನ್ನು ಕಟ್ಟಿದರು. 1933ರ ಜೂನ್ 22ರಂದು ಅಯೋಲಿಯನ್ ಹಾಲ್‌ನಲ್ಲಿ ಅದರ ಮೊದಲ ಕಛೇರಿ. ಆ ರಾತ್ರಿ ಕಛೇರಿ ಮುಗಿಸಿದ ಡಾಕ್ಟರು ದವಾಖಾನೆಗೆ ಮರಳಿ ಹೆರಿಗೆ ಮಾಡಿಸಿದರೆಂಬ ಕಥೆ ಚಾಲ್ತಿಯಲ್ಲಿದೆ. ಕಥೆ ಸೊಗಸಾಗಿದೆ, ನಮ್ಮ ವಾದಕ್ಕೆ ಅದು ಬೇಕಿಲ್ಲ. ಬೇಕಾದದ್ದು ಇದು: ಆಗಿನ ಲಂಡನ್ನಿನಲ್ಲಿ ತಂತಿವಾದ್ಯಗಳಷ್ಟನ್ನೇ ಇಟ್ಟುಕೊಂಡು, ಹದಿನೆಂಟರ ಆಸುಪಾಸಿನ ಸಂಖ್ಯೆಯಲ್ಲಿ, ಹಳೆಯದು ಹೊಸದು ಎರಡನ್ನೂ ಒಂದೇ ಶ್ರದ್ಧೆಯಿಂದ ನುಡಿಸುವ ಕಾಯಂ ತಂಡ ಅಪರೂಪ. ಹ್ಯಾಂಡೆಲ್ ಅವರ ಆರನೇ ಓಪಸ್‌ನ ಹನ್ನೆರಡು ಕಾಂಚೆರ್ಟೊಗಳನ್ನು ಡೆಕ್ಕಾ ಕಂಪನಿಗಾಗಿ ಧ್ವನಿಮುದ್ರಿಸಿದ್ದು ಇದೇ ತಂಡ. ದೊಡ್ಡ ಸಿಂಫನಿ ಆರ್ಕೆಸ್ಟ್ರಾಗಳು ತಮ್ಮ ತಂತಿವಿಭಾಗವನ್ನೆಲ್ಲ ಕೂಡಿಸಿ ಹ್ಯಾಂಡೆಲ್ ನುಡಿಸುತ್ತಿದ್ದ ಕಾಲದಲ್ಲಿ ಈ ಚಿಕ್ಕ ತಂಡ ಅದೇ ಸಂಗೀತವನ್ನು ಅದರ ಮೂಲ ಅಳತೆಗೆ ಹತ್ತಿರವಾಗಿ ಕೇಳಿಸಿತು. ತಂಡದ ಸಾಹಸ ಹೊಸ ಕೃತಿಗಳಲ್ಲಿ ಮಾತ್ರವಿತ್ತು ಎಂದು ಬರೆಯುವವರು ಇದನ್ನು ಮರೆಯುತ್ತಾರೆ. ಹ್ಯಾಂಡೆಲ್‌ನಲ್ಲಿ ಕಲಿತ ಹಗುರವೇ, ಒಬ್ಬೊಬ್ಬರ ಬಿಲ್ಲೂ ಕೇಳಿಸುವ ಆ ತಿಳಿತನವೇ ಬ್ರಿಟ್ಟನ್ ಕೃತಿಯಲ್ಲಿ ಕೆಲಸಕ್ಕೆ ಬಂತು.

ಇನ್ನು ಸ್ವರಲಿಪಿಗೇ ಹೋಗೋಣ. ವಸ್ತು ಬಂದಿರುವುದು ಬ್ರಿಜ್ ಅವರು 1906ರಲ್ಲಿ ನಾಲ್ಕು ತಂತಿವಾದ್ಯಗಳಿಗೆ ಬರೆದ ‘ಮೂರು ಇಡಿಲ್’ಗಳಲ್ಲಿ ಎರಡನೆಯದರಿಂದ. ನಾಲ್ಕೇ ಜನರಿಗಾಗಿ ಬರೆದ ಸಂಗೀತ ಇದರ ಬೇರು ಎಂಬುದನ್ನು ಮೊದಲೇ ಗಮನಿಸಬೇಕು. ಇಟಾಲಿಯನ್ ಆರಿಯಾದ ಭಾಗದಲ್ಲಿ ಮೊದಲ ಪಿಟೀಲುಗಳು ಒಪೆರಾದ ನಾಯಕಿಯ ಹಾಗೆ ತಾರಸ್ಥಾಯಿಗೆ ನೆಗೆದು ಬಳುಕುತ್ತಿದ್ದರೆ, ಉಳಿದವರು ಬಿಲ್ಲನ್ನು ಬದಿಗಿಟ್ಟು ವಾದ್ಯವನ್ನು ಗಿಟಾರಿನಂತೆ ಬೆರಳಿನಿಂದ ಮೀಟುತ್ತಾರೆ. ಅರವತ್ತು ಜನ ಒಟ್ಟಿಗೆ ಮೀಟಿದಾಗ ಅದು ಆಲಿಕಲ್ಲು ಬಿದ್ದ ಸದ್ದು. ಹತ್ತು ಹನ್ನೆರಡು ಜನ ಮೀಟಿದರೆ ಗಿಟಾರ್ ಎಂದೇ ಕೇಳುತ್ತದೆ. ಅಣಕ ನಿಲ್ಲುವುದೂ ಬೀಳುವುದೂ ಈ ಸಂಖ್ಯೆಯ ಮೇಲೆ.

ಆದರೆ ನನ್ನ ವಾದದ ಭಾರವನ್ನು ನಾನು ಇಡುವುದು ಒಂಬತ್ತನೆಯ ವೇರಿಯೇಷನ್‌ನ ಮೇಲೆ, ‘ಚಾಂಟ್’ ಎಂಬ ಪುಟ್ಟ ಭಾಗದ ಮೇಲೆ. ಬರೆದವರು ಸಾಮಾನ್ಯವಾಗಿ ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಮುಂಚೆ ಶವಯಾತ್ರೆಯ ಭಾರವಾದ ನಡಿಗೆಯಿದೆ, ನಂತರ ಮಿಂಚಿನ ಫ್ಯೂಗ್ ಇದೆ; ನಡುವೆ ಸಿಕ್ಕಿಕೊಂಡ ಈ ಮೌನದಂಥ ಭಾಗಕ್ಕೆ ಯಾರ ಕಿವಿಯೂ ನಿಂತಿಲ್ಲ. ನಿಧಾನವಾಗಿ ನೋಡಿ. ವಿಯೋಲಾಗಳಿಗೆ ಸಾಮಾನ್ಯವಾಗಿ ಒಂದು ಸಾಲು, ಹೆಚ್ಚೆಂದರೆ ಎರಡು. ಇಲ್ಲಿ ವಿಯೋಲಾ ಮೂರಾಗಿ ಒಡೆಯುತ್ತದೆ. ಮೂರೂ ಒಟ್ಟಿಗೆ, ಒಂದೇ ನಡೆಯಲ್ಲಿ, ಮಠದ ಪಠಣದಂತೆ ಚಲಿಸುತ್ತವೆ. ಅವುಗಳ ಮೇಲೂ ಕೆಳಗೂ ಪಿಟೀಲು, ಚೆಲ್ಲೊಗಳು ಹಾರ್ಮೋನಿಕ್ಸ್ ಹಿಡಿಯುತ್ತವೆ. ತಂತಿಯನ್ನು ಒತ್ತದೆ ಬೆರಳನ್ನು ಸೋಕಿಸಿ ಹೊರಡಿಸುವ ಆ ಗಾಜಿನಂಥ ಸ್ವರಗಳು. ಯಾವಾಗಲೂ ನಡುವೆ ಕುಳಿತು ಇತರರಿಗೆ ಹೊಂದಿಕೊಂಡು ನುಡಿಸುವ ವಿಯೋಲಾದವರು ಇಲ್ಲಿ ಗರ್ಭಗುಡಿಗೆ ಬಂದಿದ್ದಾರೆ, ಮುಖ್ಯ ಪಿಟೀಲುಗಳು ಹೊರಗೆ ಪ್ರಾಕಾರದಲ್ಲಿ ನಿಂತಿವೆ.

ಮೂರೇ ಏಕೆ? ಇದೇ ತಂಡದ ಹತ್ತನೆಯ ವರ್ಷಕ್ಕೆ ಬ್ರಿಟ್ಟನ್ 1943ರಲ್ಲಿ ಇನ್ನೊಂದು ಕೃತಿ ಬರೆದುಕೊಟ್ಟರು: ಹದಿನೆಂಟು ಭಾಗಗಳ ತಂತಿವಾದ್ಯವೃಂದಕ್ಕೆ ಪ್ರೆಲ್ಯೂಡ್ ಮತ್ತು ಫ್ಯೂಗ್. ಅದರ ಹಂಚಿಕೆ ಹತ್ತು ಪಿಟೀಲು, ಮೂರು ವಿಯೋಲಾ, ಮೂರು ಚೆಲ್ಲೊ, ಎರಡು ಡಬಲ್ ಬಾಸ್. ಅಲ್ಲಿ ಗುಂಪು ಎಂಬುದೇ ಇಲ್ಲ. ಹದಿನೆಂಟು ಜನರಿಗೆ ಹದಿನೆಂಟು ಬೇರೆ ಬೇರೆ ಸಾಲು. ಆ ಮೂರು ವಿಯೋಲಾಗಳ ಎದುರು ಚಾಂಟ್‌ನ ಮೂರು ವಿಯೋಲಾ ಸಾಲುಗಳನ್ನು ಇಟ್ಟು ನೋಡಿದರೆ ನನಗೆ ಕಾಣುವುದು ಇದು: 1937ರಲ್ಲಿ ಬ್ರಿಟ್ಟನ್ ‘ವಿಯೋಲಾ ವಿಭಾಗ’ವನ್ನು ಮೂರಾಗಿ ಸೀಳಲಿಲ್ಲ. ಅವರು ಮೂರು ಜನರಿಗೆ ಬರೆದರು. ಕಾಗದದ ಮೇಲೆ ಇವೆರಡರ ನಡುವೆ ವ್ಯತ್ಯಾಸ ಕಾಣಿಸದಿರಬಹುದು, ಕಿವಿಗೆ ಬೇಕಾದಷ್ಟು ಕೇಳಿಸುತ್ತದೆ. ಒಂದು ಸಾಲನ್ನು ನಾಲ್ವರು ನುಡಿಸಿದಾಗ ಶ್ರುತಿಯ ಸಣ್ಣ ಹೆಚ್ಚುಕಮ್ಮಿಗಳು ಒಂದರಲ್ಲೊಂದು ಕರಗಿ ಮೆತ್ತಗಾಗುತ್ತವೆ. ಸಾಲಿಗೊಬ್ಬರೇ ನುಡಿಸಿದಾಗ ಮೂರು ಜನ ಮೂರು ಸ್ವರಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿಯಬೇಕು. ಭಜನೆಯ ಗುಂಪಿನಲ್ಲಿ ಹಾಡುವುದಕ್ಕೂ ತಂಬೂರಿಯ ಪಕ್ಕ ಒಬ್ಬರೇ ಕುಳಿತು ಷಡ್ಜ ಹಿಡಿಯುವುದಕ್ಕೂ ಇರುವ ಅಂತರ ಇದು. ಚಾಂಟ್ ಎರಡನೆಯದನ್ನು ಕೇಳುತ್ತದೆ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಗೌರವಕ್ಕೆ ಅರ್ಹವಾದವು. ಮೊದಲನೆಯದು, 1943ರ ಸಂಖ್ಯೆಯನ್ನು ಹಿಂದಕ್ಕೆ ಎಳೆದು 1937ರ ಮೇಲೆ ಹೊರಿಸಬಹುದೇ ಎಂಬುದು. ನನ್ನ ವಾದ ವಾದಕರ ಹಾಜರಿಪಟ್ಟಿಯ ಮೇಲೆ ನಿಂತಿಲ್ಲ, ಸ್ವರಲಿಪಿ ಏನನ್ನು ಬೇಡುತ್ತದೆ ಎಂಬುದರ ಮೇಲೆ ನಿಂತಿದೆ. ಹಿಂದಿನ ಕೃತಿ ವಿಯೋಲಾವನ್ನು ಮೂರು ಸಮಾನ ಧ್ವನಿಗಳಾಗಿ ಕಲ್ಪಿಸಿತು. ಮುಂದಿನ ಕೃತಿ ಅದೇ ಕಲ್ಪನೆಯನ್ನು ಇಡೀ ತಂಡಕ್ಕೆ ಹರಡಿ, ಹೆಸರಿನಲ್ಲಿಯೇ ಸಂಖ್ಯೆಯನ್ನು ಬರೆದುಕೊಂಡಿತು. ಎರಡೂ ಒಬ್ಬರೇ ಒಂದೇ ತಂಡಕ್ಕೆ ಬರೆದವು. ಮುಂದಿನದು ಹಿಂದಿನದಕ್ಕೆ ವ್ಯಾಖ್ಯಾನ ಎಂದು ಓದುವುದು ತರ್ಕದ ಮಿತಿಯೊಳಗಿನ ಮಾತು. ತಂಡದಲ್ಲಿ 1937ರಲ್ಲಿ ನಾಲ್ಕನೆಯ ವಿಯೋಲಾ ಇದ್ದಿದ್ದರೂ ಈ ಓದು ಕುಸಿಯುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ತಂತಿವಿಭಾಗವನ್ನು ಒಡೆದು ಬರೆಯುವುದು ಇಂಗ್ಲೆಂಡಿನಲ್ಲಿ ಹೊಸದಲ್ಲ ಎಂದು ಬಲ್ಲವರು ಹೇಳುತ್ತಾರೆ. ನಿಜ. ಎಲ್ಗರ್ 1905ರ ‘ಇಂಟ್ರೊಡಕ್ಷನ್ ಅಂಡ್ ಅಲೆಗ್ರೊ’ದಲ್ಲಿ ನಾಲ್ವರ ತಂಡವನ್ನು ದೊಡ್ಡ ತಂತಿವೃಂದದ ಎದುರು ನಿಲ್ಲಿಸಿದ್ದಾರೆ. ವಾನ್ ವಿಲಿಯಮ್ಸ್ 1910ರಲ್ಲಿ ಗ್ಲಾಸ್ಟರ್ ಕಥೀಡ್ರಲ್‌ನಲ್ಲಿ ಮೊದಲು ಕೇಳಿಸಿದ ಟ್ಯಾಲಿಸ್ ಫ್ಯಾಂಟಸಿಯಾದಲ್ಲಿ ಎರಡು ವೃಂದಗಳನ್ನೂ ನಾಲ್ವರ ತಂಡವೊಂದನ್ನೂ ಬೇರೆಬೇರೆಯಾಗಿ ಕೂರಿಸಿದ್ದಾರೆ. ಆದರೆ ಈ ಇಬ್ಬರದೂ ದೊಡ್ಡ ದೇಹವನ್ನು ಇಟ್ಟುಕೊಂಡು ಅದರೊಳಗಿಂದ ಸಣ್ಣದನ್ನು ತೆಗೆಯುವ ರೀತಿ. ಎಲ್ಗರ್ ಬರೆದದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾದ ತಂತಿವಾದಕರಿಗಾಗಿ. ವಾನ್ ವಿಲಿಯಮ್ಸ್ ಅವರಿಗೆ ಕಲ್ಲಿನ ಕಮಾನುಗಳ ಕೆಳಗಿನ ಮಾರ್ದನಿಯೂ ವಾದ್ಯವೃಂದದ ಒಂದು ಭಾಗ. ಬ್ರಿಟ್ಟನ್ ಬಳಿ ದೊಡ್ಡ ದೇಹವೇ ಇರಲಿಲ್ಲ. ಸಣ್ಣದರಿಂದ ದೊಡ್ಡದನ್ನು ಹುಟ್ಟಿಸುವ ಕಷ್ಟ ಅವರ ಪಾಲಿನದು. ಪರಂಪರೆಯನ್ನು ತೋರಿಸಿ ಈ ಭೇದವನ್ನು ಅಳಿಸುವ ವಿದ್ವಾಂಸರ ಓದು ಎಷ್ಟೇ ವಿಶಾಲವಾಗಿರಲಿ, ಅವರು ಎಣಿಸುವುದನ್ನು ಬಿಟ್ಟಿದ್ದಾರೆ ಎಂದೇ ನಾನು ಹೇಳುತ್ತೇನೆ.

ಈಗ ಮೂರನೆಯ ಲೆಕ್ಕ, ಆ ಒಂದು ಬಾರ್. ನೀಲ್ ಅವರ ಹೇಳಿಕೆಯಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಇದೇ ಎಂದು ನನ್ನ ನಂಬಿಕೆ. ಪುಟದ ತುದಿಯ ವಿವರದಂತೆ ಅದನ್ನು ಬಿಟ್ಟುಬಿಟ್ಟಿರುವುದು ನೋಡಿದರೆ ನೋವಾಗುತ್ತದೆ. ಹೊಸ ಕೃತಿ ತಾಲೀಮಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ವಾದಕರು ಬಲ್ಲರು. ಇಲ್ಲಿ ಬಿಲ್ಲು ತಿರುಗಿಸಲು ಹೊತ್ತು ಸಾಲದು. ಇಲ್ಲಿ ಬಾಸ್ ಮುಚ್ಚಿಹೋಗಿದೆ. ಇಲ್ಲಿ ಮೀಟುವುದರಿಂದ ಬಿಲ್ಲಿಗೆ ಬರಲು ಒಂದು ತಾಳ ಬಿಡುವು ಬೇಕು. ರಚನಕಾರರು ಪೆನ್ಸಿಲ್ ತೆಗೆಯುತ್ತಾರೆ, ಸ್ವರಲಿಪಿ ತಿದ್ದುಪಡಿಗಳಿಂದ ಕಪ್ಪಾಗುತ್ತದೆ. ಮೊದಲ ತಾಲೀಮಿನಿಂದ ಹದಿನೈದು ವರ್ಷಗಳ ಅಂತರದಲ್ಲಿ ಒಂದು ಬಾರ್ ಸೇರಿದ್ದು ಬಿಟ್ಟು ಬೇರೇನೂ ಬದಲಾಗಲಿಲ್ಲ ಎಂದರೆ ಏನರ್ಥ? ಹಳೆಯ ಓದಿನ ಪ್ರಕಾರ ಇದು ದೋಷವಿಲ್ಲದ ಪ್ರತಿಭೆ. ನನ್ನ ಓದಿನಲ್ಲಿ ಇದು ಅಳತೆ ತೆಗೆದು ಹೊಲಿದ ಬಟ್ಟೆ. ಆ ಅಳತೆ ತೆಗೆದ ಕೆಲಸವೇ ನಾಲ್ಕು ವಾರಗಳದ್ದು. ಒಂದು ನಿರ್ದಿಷ್ಟ ತಂಡ ಹೇಗೆ ಉಸಿರಾಡುತ್ತದೆ, ಎಷ್ಟು ಹಗುರ ಹೆಜ್ಜೆ ಇಡಬಲ್ಲದು, ಎಲ್ಲಿ ಒಬ್ಬೊಬ್ಬರನ್ನೇ ನಂಬಬಹುದು ಎಂಬುದು ಬರೆಯುವವರ ಕೈಗೆ ಗೊತ್ತಿದ್ದಾಗ ತಾಲೀಮಿನಲ್ಲಿ ತಿದ್ದಲು ಏನೂ ಉಳಿಯುವುದಿಲ್ಲ. (ಬ್ರಿಟ್ಟನ್ ಸ್ವತಃ ವಿಯೋಲಾ ನುಡಿಸುತ್ತಿದ್ದರು, ಆದ್ದರಿಂದ ತಂತಿಯ ಮರ್ಮ ಅವರಿಗೆ ಹೇಗೂ ಗೊತ್ತಿತ್ತು ಎಂದು ಒಬ್ಬ ಹಿರಿಯರು ನನಗೆ ಹೇಳಿದರು. ಆ ತಿಳಿವಳಿಕೆ ಸಾಮಾನ್ಯ ತಪ್ಪುಗಳನ್ನು ತಪ್ಪಿಸುತ್ತದೆ; ನಿರ್ದಿಷ್ಟ ತಂಡವೊಂದರ ಅಳತೆಯನ್ನು ಅದು ಕೊಡುವುದಿಲ್ಲ.)

ಕೀರ್ತಿ ಬಂದ ದಾರಿಯನ್ನೂ ಸರಿಪಡಿಸಿಕೊಳ್ಳಬೇಕು. ‘ಸಾಲ್ಸ್‌ಬರ್ಗ್, 1937ರ ಆಗಸ್ಟ್ 27, ಮೊದಲ ಪ್ರಯೋಗ’ ಎಂದು ಬಹಳ ಕಡೆ ಅಚ್ಚಾಗಿದೆ. ಅದು ಮೊದಲ ಕಛೇರಿ, ಮೊದಲ ಪ್ರಯೋಗವಲ್ಲ. ಎರಡು ದಿನ ಮುಂಚೆ, ಆಗಸ್ಟ್ 25ರಂದು, ಹಾಲೆಂಡಿನ ಹಿಲ್ವರ್ಸಮ್ ರೇಡಿಯೊದಲ್ಲಿ ಇದೇ ತಂಡ ಈ ಕೃತಿಯನ್ನು ನುಡಿಸಿಯಾಗಿತ್ತು. ಮೊದಲು ಕೇಳಿದವರು ಮನೆಯಲ್ಲಿ ರೇಡಿಯೊ ಹಚ್ಚಿ ಕುಳಿತವರು. ಹಿಲ್ವರ್ಸಮ್ ಏಕೆ ಮರೆಯಾಯಿತು ಎಂದು ಯೋಚಿಸಿದರೆ ಕಾರಣ ಸಿಗುತ್ತದೆ: ವಿಮರ್ಶಕರು ಕುಳಿತದ್ದು ಸಾಲ್ಸ್‌ಬರ್ಗಿನಲ್ಲಿ. ಟೊಸ್ಕನಿನಿ ಒಪೆರಾಗಳನ್ನು ನಿರ್ದೇಶಿಸುತ್ತಿದ್ದ, ಯುರೋಪಿನ ಕಿವಿಯೆಲ್ಲ ನೆರೆದಿದ್ದ ಊರು ಅದು. ಆಸ್ಟ್ರಿಯಾವನ್ನು ಹಿಟ್ಲರ್ ನುಂಗಲು ಇನ್ನು ಏಳು ತಿಂಗಳೂ ಉಳಿದಿರಲಿಲ್ಲ. ಪತ್ರಿಕೆಯ ಅಂಕಣದಲ್ಲಿ ಹುಟ್ಟಿದ ದಿನಾಂಕವೇ ಜನ್ಮದಿನಾಂಕವಾಗಿ ನಿಂತಿತು. ನಮ್ಮಲ್ಲಿ ಆಕಾಶವಾಣಿಯ ಕಛೇರಿಗಳಿಗೂ ಸಭೆಗಳ ಕಛೇರಿಗಳಿಗೂ ಸಿಗುವ ದಾಖಲೆಯ ಅಂತರವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ.

ಬ್ರಿಟ್ಟನ್ ಸಾಲ್ಸ್‌ಬರ್ಗಿಗೆ ಹೋಗಿರಲಿಲ್ಲ. ಕಛೇರಿ ಹೇಗಾಯಿತೆಂಬುದನ್ನು ಅವರು ತಿಳಿದದ್ದು ಗಾಯಕ ಪೀಟರ್ ಪಿಯರ್ಸ್ ಅವರಿಂದ. ಕಛೇರಿ ಮುಗಿದ ಕೂಡಲೇ ಹೋಟೆಲ್‌ಗೆ ಧಾವಿಸಿ, ಕೇಳಿದ್ದು ಕಿವಿಯಲ್ಲಿ ಇನ್ನೂ ಇರುವಾಗಲೇ ಪಿಯರ್ಸ್ ಬರೆದ ಪತ್ರ ಉಳಿದುಬಂದಿದೆ. ಕೃತಿ ಗೆದ್ದಿತು ಎಂಬುದರ ಜೊತೆಗೆ ತಂಡ ಎಷ್ಟು ಸೊಗಸಾಗಿ ನುಡಿಸಿತು ಎಂಬುದೂ ಅದರಲ್ಲಿದೆ. ಜೀವನಚರಿತ್ರೆ ಬರೆಯುವವರಿಗೆ ಈ ಪತ್ರ ಬೇಕಾಗುವುದು ಇಬ್ಬರ ಸ್ನೇಹದ ಆರಂಭಕ್ಕೆ ಸಾಕ್ಷಿಯಾಗಿ. ನನಗೆ ಬೇಕಾಗುವುದು ಆ ರಾತ್ರಿ ಸಭಾಂಗಣದಲ್ಲಿ ಕುಳಿತಿದ್ದ ಒಬ್ಬ ಗಾಯಕನ ಕಿವಿಯ ಸಾಕ್ಷಿಯಾಗಿ. ಆ ಕಿವಿ ಕೃತಿಯನ್ನೂ ನುಡಿಸಿದವರನ್ನೂ ಬೇರ್ಪಡಿಸಿ ಕೇಳಿಲ್ಲ. ಬೇರ್ಪಟ್ಟದ್ದು ಆಮೇಲೆ. ಅಕ್ಟೋಬರ್ 5ರಂದು ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಕೃತಿ ಕೇಳಿಸಿತು, 1938ರಲ್ಲಿ ನೀಲ್ ತಂಡವೇ ಡೆಕ್ಕಾಗೆ ಧ್ವನಿಮುದ್ರಿಸಿತು. ಬಳಿಕ ಬೇರೆ ದೇಶಗಳ ದೊಡ್ಡ ತಂತಿವೃಂದಗಳು ಇದನ್ನು ಎತ್ತಿಕೊಂಡವು. ಮೂವರ ಪಠಣ ಹನ್ನೆರಡು ಜನರ ಮೆತ್ತೆಯಾಯಿತು, ಗಿಟಾರು ಆಲಿಕಲ್ಲಾಯಿತು. ಆ ದಪ್ಪ ಧ್ವನಿಯಲ್ಲಿ ಕೇಳಿ ‘ಜಾಣತನ’ ಎಂದವರ ಕಿವಿಯಲ್ಲಿ ತಪ್ಪಿಲ್ಲ. ಅವರು ಕೇಳಿದ್ದು ಬೇರೊಂದು ಅಳತೆಯ ಬಟ್ಟೆಯನ್ನು.

1938ರ ಧ್ವನಿಮುದ್ರಣವನ್ನು ‘ಐತಿಹಾಸಿಕ ಕುತೂಹಲ’ ಎಂದು ಪಕ್ಕಕ್ಕೆ ಸರಿಸುವ ವಾಡಿಕೆಯನ್ನು ನಾನು ಒಪ್ಪಲಾರೆ. 78 ಸುತ್ತಿನ ತಟ್ಟೆ, ನಾಲ್ಕು ನಿಮಿಷಕ್ಕೊಮ್ಮೆ ಮಗುಚಬೇಕು, ಮಂದ್ರದ ಸ್ವರಗಳು ಗೊರಗೊರ ಸದ್ದಿನಲ್ಲಿ ಅರ್ಧ ಮುಳುಗಿವೆ. ಆದರೂ ಸ್ವರಲಿಪಿಯ ಜೊತೆಗೆ ಅದೂ ಒಂದು ಪಾಠ. ಗ್ರಂಥಸಂಪಾದನೆಯಲ್ಲಿ ಕವಿಯ ಕಾಲಕ್ಕೆ ಹತ್ತಿರವಾದ ಓಲೆಗರಿ ಹುಳು ತಿಂದಿದ್ದರೂ ಅದನ್ನು ನಾವು ಬಿಸಾಡುವುದಿಲ್ಲ.

ಬ್ರಿಜ್ ಅವರ ಬಗ್ಗೆ ಒಂದು ಮಾತು ಉಳಿದಿದೆ. ಕೈಬರಹದ ಹಂತದಲ್ಲಿ ಬ್ರಿಟ್ಟನ್ ಒಂದೊಂದು ವೇರಿಯೇಷನ್‌ಗೂ ಗುರುವಿನ ಒಂದೊಂದು ಗುಣವನ್ನು ಜೋಡಿಸಿದ್ದರು: ಪ್ರಾಮಾಣಿಕತೆ, ಚೈತನ್ಯ, ಮೋಹಕತೆ, ಹಾಸ್ಯ, ಹೀಗೆ. ಫ್ಯೂಗ್‌ಗೆ ಕೌಶಲ, ಚಾಂಟ್‌ಗೆ ಭಕ್ತಿಭಾವ. ಅಚ್ಚಾದ ಪ್ರತಿಯಲ್ಲಿ ಈ ಗುಣಗಳ ಹೆಸರಿಲ್ಲ. ಗುರುವಿನ ಹೆಸರಿನ ಮೊದಲಕ್ಷರಗಳನ್ನೊಳಗೊಂಡ ಅರ್ಪಣೆ ಮಾತ್ರ ಉಳಿಯಿತು. ಫ್ಯೂಗ್‌ನೊಳಗೆ ಬ್ರಿಜ್ ಅವರ ಬೇರೆ ಕೃತಿಗಳ ತುಣುಕುಗಳು ಅಡಗಿವೆ, ಅವನ್ನು ಹುಡುಕುವುದು ಅಧ್ಯೇತೃಗಳಿಗೆ ಪ್ರಿಯವಾದ ಕೆಲಸ. ಹುಡುಕಲಿ. ನನ್ನ ದೃಷ್ಟಿ ಮತ್ತೆ ಹೋಗುವುದು ಮೂರು ವಿಯೋಲಾಗಳ ಕಡೆಗೆ. ಬ್ರಿಜ್ ವೃತ್ತಿಯಿಂದ ವಿಯೋಲಾ ವಾದಕರು, ನಾಲ್ವರ ತಂಡಗಳಲ್ಲಿ ನಡುವಿನ ಆ ಕುರ್ಚಿಯಲ್ಲಿ ಕುಳಿತು ವರ್ಷಗಟ್ಟಲೆ ನುಡಿಸಿದವರು. ಭಕ್ತಿಭಾವವೆಂದು ಗುರುತಿಸಿದ ಭಾಗದ ನಡುವೆ ಶಿಷ್ಯ ಗುರುವಿನ ವಾದ್ಯವನ್ನೇ ಇಟ್ಟರು, ಅದನ್ನು ನುಡಿಸುವ ಮೂವರನ್ನು ಮುಂದಕ್ಕೆ ಕರೆದರು. ಈ ಸಂಗೀತಕ್ಕೆ ಎದೆ ಖಾಲಿ ಎಂದವರಿಗೆ ಇದಕ್ಕಿಂತ ದೊಡ್ಡ ಉತ್ತರ ನನ್ನಲ್ಲಿಲ್ಲ. 1939ರಲ್ಲಿ ಬ್ರಿಟ್ಟನ್ ಅಮೆರಿಕಕ್ಕೆ ಹಡಗು ಹತ್ತುವಾಗ ಬ್ರಿಜ್ ತಮ್ಮ ಜುಸಾನಿ ವಿಯೋಲಾವನ್ನು ಅವರ ಕೈಗಿತ್ತರು. ಮತ್ತೆ ಅವರು ಭೇಟಿಯಾಗಲಿಲ್ಲ. 1941ರ ಜನವರಿಯಲ್ಲಿ ಬ್ರಿಜ್ ತೀರಿಕೊಂಡರು.

ಬ್ರಿಟ್ಟನ್ 1942ರಲ್ಲಿ ಇಂಗ್ಲೆಂಡಿಗೆ ಮರಳಿದರು. ಮರುವರ್ಷ, ಯುದ್ಧದ ನಡುವೆ, ಜೂನ್ 23ರಂದು ವಿಗ್‌ಮೋರ್ ಹಾಲ್‌ನಲ್ಲಿ ನೀಲ್ ತಂಡ ಹದಿನೆಂಟು ಭಾಗಗಳ ಪ್ರೆಲ್ಯೂಡ್ ಮತ್ತು ಫ್ಯೂಗ್ ನುಡಿಸಿತು. ಅಯೋಲಿಯನ್ ಹಾಲ್‌ನ ಮೊದಲ ಕಛೇರಿಗೆ ಹಿಂದಿನ ದಿನವಷ್ಟೇ ಹತ್ತು ವರ್ಷ ತುಂಬಿತ್ತು. ತಂತಿವಾದಕರ ರೂಢಿಯೆಂದರೆ ಇಬ್ಬರಿಗೆ ಒಂದು ಸ್ಟ್ಯಾಂಡ್, ಒಂದು ಪ್ರತಿ. ಒಳಬದಿಯ ಕುರ್ಚಿಯವರು ಪುಟ ಮಗುಚುವಾಗ ಹೊರಬದಿಯವರು ನಿಲ್ಲಿಸದೆ ನುಡಿಸುತ್ತಾರೆ. ಈ ಕೃತಿಯಲ್ಲಿ ಇಬ್ಬರು ಒಂದು ಪ್ರತಿಯನ್ನು ಹಂಚಿಕೊಳ್ಳುವಂತಿಲ್ಲ. ಹತ್ತನೆಯ ಪಿಟೀಲಿಗೂ ಮೂರನೆಯ ವಿಯೋಲಾಕ್ಕೂ ತನ್ನದೇ ಸಾಲು, ತನ್ನದೇ ಕಾಗದ. ಪುಟ ಬಂದಾಗ ಒಬ್ಬೊಬ್ಬರೂ ತಮ್ಮದನ್ನು ತಾವೇ ಮಗುಚಿಕೊಳ್ಳಬೇಕು.